ಮುಳ್ಳು ಅರ್ಧಕ್ಕೂ ಬರುತ್ತಿಲ್ಲ: ನಮ್ಮ ಮನೆ ಗುಂಪಿನ ವಾದ

ವಿಜಯಪುರ ಕಾಕಾ: (ಫಾರ್ವರ್ಡ್ ಆದ ವಿಡಿಯೊ) ಎಲ್ಲರೂ ನೋಡಿ. ಎಂಜಿನ್ ನೀರು ರೇಡಿಯೇಟರ್‌ಗೆ ಹೋಗುವ ದಾರಿಯಲ್ಲಿರುವ ಥರ್ಮೋಸ್ಟಾಟ್ ವಾಲ್ವ್ ತೆಗೆಸಿದರೆ ಎಂಜಿನ್ ಯಾವತ್ತೂ ಕಾಯುವುದಿಲ್ಲವಂತೆ. ನಮ್ಮ ಕಡೆ ಬಿಸಿಲಿಗೆ ಇದೇ ಸರಿ.

ಅಕ್ಕ: ಕಾಕಾ, ನನ್ನ ಕಾರಿನ ಟೆಂಪರೇಚರ್ ಮುಳ್ಳು ಈಗಲೇ ಅರ್ಧಕ್ಕೂ ಬರುತ್ತಿಲ್ಲ. ಬೆಳಗಾವಿ ಊರೊಳಗೆ ಸ್ವಲ್ಪ ಏರುತ್ತದೆ. ಧಾರವಾಡದ ಹೈವೇ ಹಿಡಿದರೆ ಮತ್ತೆ ಇಳಿಯುತ್ತದೆ. ಇದು ಒಳ್ಳೆಯದೇ ಅಲ್ವಾ?

ವಿಜಯಪುರ ಕಾಕಾ: ಒಳ್ಳೆಯದಲ್ಲದೆ ಮತ್ತೇನವ್ವಾ! ಎಂಜಿನ್ ತಂಪಿದ್ದಷ್ಟೂ ಬಾಳಿಕೆ ಜಾಸ್ತಿ.

ನಾನು: ಇಲ್ಲ ಅಕ್ಕಾ, ಅದು ರಿಪೇರಿ ಕೇಳುತ್ತಿದೆ. ಕಾಕಾ, ದಯವಿಟ್ಟು ಆ ವಿಡಿಯೊ ಇನ್ನೊಂದು ಗುಂಪಿಗೆ ಕಳಿಸಬೇಡಿ. ಐಟಿಐನಲ್ಲಿ ಹುಡುಗರಿಗೆ ಎಂಜಿನ್ ಕಲಿಸುವವನು ನಾನು. ಇದನ್ನು ನೋಡಿ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ವಿಜಯಪುರ ಕಾಕಾ: ತಮ್ಮಾ, ನಮ್ಮ ಹಳೇ ಜೀಪಿನಲ್ಲಿ ಆ ವಾಲ್ವ್ ತೆಗೆದೇ ಓಡಿಸಿದ್ದೇವೆ. ಏನೂ ಆಗಲಿಲ್ಲ.

ನಾನು: ಆ ಜೀಪಿಗೆ ಕಂಪ್ಯೂಟರ್ ಇರಲಿಲ್ಲ ಕಾಕಾ. ಈಗಿನ ಪೆಟ್ರೋಲ್ ಕಾರಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ನೀರು, ಎಷ್ಟು ಬಿಸಿ ಇದೆ ಎಂದು ನೋಡಿಕೊಂಡೇ ಇಸಿಯು ಅನ್ನುವ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಎಂಜಿನ್ ಕಾದಿಲ್ಲ ಅಂದರೆ ಜಾಸ್ತಿ ಬಿಡುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ತೊಳೆದುಕೊಂಡು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಉರಿಯುವಾಗ ಹುಟ್ಟುವ ನೀರಿನ ಹಬೆಯೂ ಸ್ವಲ್ಪ ಅದೇ ಆಯಿಲ್‌ಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ತಾನೇ ಅದು ಹಾರಿಹೋಗುವುದು? ಇಲ್ಲದಿದ್ದರೆ ಆಯಿಲ್ ಕೆಸರಾಗುತ್ತದೆ, ರಿಂಗು ಬೇರಿಂಗು ಬೇಗ ಸವೆಯುತ್ತವೆ. ಅಕ್ಕಾ, ಮೈಲೇಜ್ ಇಳಿದಿದೆಯಾ?

ಅಕ್ಕ: ಹೌದೋ, ಇಳಿದಿದೆ. ಟ್ರಾಫಿಕ್‌ಗೆ ಹೀಗಾಗಿದೆ ಅಂದುಕೊಂಡಿದ್ದೆ.

ಬಾಗಲಕೋಟೆ ತಮ್ಮ: ಅಣ್ಣಾ, ಟೆಂಪರೇಚರ್ ಸೆನ್ಸರ್ ಹೋಗಿರಬಹುದಲ್ಲ? ಅದು ಅಗ್ಗದ್ದು. ಮೊದಲು ಅದನ್ನೇ ಹಾಕಿಸಿ ನೋಡಲಿ.

ನಾನು: ಹಾಗೆ ಊಹೆ ಮೇಲೆ ಸಾಮಾನು ಬದಲಿಸಬಾರದು ತಮ್ಮಾ. ಎಂಜಿನ್ ನಿಜವಾಗಿ ತಣ್ಣಗಿದೆಯೋ, ಮುಳ್ಳು ಸುಳ್ಳು ತೋರಿಸುತ್ತಿದೆಯೋ, ಮೊದಲು ಅದು ಗೊತ್ತಾಗಬೇಕು. ಅಕ್ಕಾ, ಅರ್ಧ ಗಂಟೆ ಓಡಿಸಿದ ಮೇಲೆ ಹೀಟರ್ ಹಾಕು. ಹೀಟರ್‌ಗೆ ಬಿಸಿ ಬರುವುದು ಎಂಜಿನ್ನಿನ ಕೂಲಂಟಿನಿಂದಲೇ. ಗಾಳಿ ಸುಡುವ ಹಾಗೆ ಬಂದು ಮುಳ್ಳು ಮಾತ್ರ ಕೆಳಗಿದ್ದರೆ ಸೆನ್ಸರ್, ವೈರು ಅಥವಾ ಮೀಟರ್ ಮೇಲೆ ಅನುಮಾನ. ಗಾಳಿಯೂ ಬೆಚ್ಚಗಷ್ಟೇ ಬಂದರೆ ಎಂಜಿನ್ ಕಾಯುತ್ತಿಲ್ಲ ಅಂತ.

ಅಕ್ಕ: ಮಳೆಗಾಲದಲ್ಲಿ ಗಾಜಿನ ಮಬ್ಬು ಬಿಡಿಸಲು ಹೀಟರ್ ಹಾಕುತ್ತಿದ್ದೆ. ಬಿಸಿ ಬರಲೇ ಇಲ್ಲ. ಹೀಟರ್ ಕೆಟ್ಟಿದೆ ಅಂದುಕೊಂಡೆ.

ನಾನು: ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ನೀನೇ ಹೇಳಿದ್ದೀಯ: ಊರೊಳಗೆ ಏರುತ್ತದೆ, ಹೈವೇಯಲ್ಲಿ ಇಳಿಯುತ್ತದೆ. ಕೆಟ್ಟ ಸೆನ್ಸರ್‌ಗೆ ಗಾಳಿ ಬೀಸಿದರೇನು, ಬಿಟ್ಟರೇನು? ವೇಗ ಹೆಚ್ಚಿ ರೇಡಿಯೇಟರ್‌ಗೆ ಗಾಳಿ ಹೊಡೆದಾಗ ತಣ್ಣಗಾಗುತ್ತಿದೆ ಅಂದರೆ, ಮುಚ್ಚಿರಬೇಕಾದ ವಾಲ್ವ್ ತೆರೆದೇ ಇದೆ.

ಬಾಗಲಕೋಟೆ ತಮ್ಮ: ಫ್ಯಾನ್ ಬಿಡದೆ ತಿರುಗುತ್ತಿದ್ದರೂ ಹೀಗಾಗಬಹುದಲ್ವಾ ಅಣ್ಣಾ?

ನಾನು: ಒಳ್ಳೆ ಪ್ರಶ್ನೆ. ಫ್ಯಾನ್ ಆನ್-ಆಫ್ ಮಾಡುವ ರಿಲೇ ಅಂಟಿಕೊಂಡರೆ ಬಿಡದೆ ತಿರುಗುತ್ತದೆ, ಅದನ್ನೂ ನೋಡಬೇಕು. ಆದರೆ ಅದೊಂದೇ ಎಂಜಿನ್ ತಣ್ಣಗಿಡುವುದು ಕಷ್ಟ. ವಾಲ್ವ್ ಸರಿ ಇದ್ದರೆ ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡುವುದೇ ಇಲ್ಲ. ಒಳಗೆ ಮೇಣ ಇರುತ್ತದೆ. ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಹತ್ತಿರ ಅದು ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಆರಿದರೆ ಸ್ಪ್ರಿಂಗ್ ಮುಚ್ಚುತ್ತದೆ.

ಅಕ್ಕಾ, ನಾಳೆ ಬೆಳಿಗ್ಗೆ ಗಾಡಿ ಪೂರ್ತಿ ಆರಿರುವಾಗ ಬಾಟಲಿಯಲ್ಲಿ ಕೂಲಂಟ್ ಎಷ್ಟಿದೆ ನೋಡು. ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೂ ಮುಳ್ಳು ತಪ್ಪು ತೋರಿಸುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಎಂಜಿನ್ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ರಬ್ಬರ್ ಪೈಪ್ ಆಗಾಗ ಮುಟ್ಟು. ಫ್ಯಾನ್, ಬೆಲ್ಟ್‌ನಿಂದ ಕೈಯೂ ಸೆರಗೂ ದೂರ ಇರಲಿ. ಕೆಲವು ನಿಮಿಷ ತಣ್ಣಗಿದ್ದು ಒಮ್ಮೆಗೇ ಬಿಸಿಯಾದರೆ ವಾಲ್ವ್ ಸರಿ. ಶುರುವಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಅದು ತೆರೆದೇ ಇದೆ. ಬಿಸಿ ಇರುವಾಗ ಕ್ಯಾಪ್ ಮಾತ್ರ ಬಿಚ್ಚಬೇಡ, ನೀರು ಚಿಮ್ಮಿ ಮುಖ ಸುಡುತ್ತದೆ.

(ಮರುದಿನ ಬೆಳಿಗ್ಗೆ)

ಅಕ್ಕ: ಕೂಲಂಟ್ ಮಟ್ಟ ಸರಿ ಇದೆ. ಪೈಪ್ ಮೊದಲಿಂದಲೇ ಬೆಚ್ಚಗಾಗುತ್ತ ಹೋಯಿತು. ಪಕ್ಕದ ಮನೆಯವರ ಹತ್ತಿರ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇತ್ತು, ಹಾಕಿದರೆ ಪಿ 0128 ಅಂತ ಬಂತು.

ನಾನು: ಎಂಜಿನ್ ಕಾಯಬೇಕಾದಷ್ಟು ಕಾಯುತ್ತಿಲ್ಲ ಅನ್ನುವ ಕೋಡ್ ಅದು. ಸ್ಟಾರ್ಟ್ ಮಾಡುವ ಮೊದಲು ಕೂಲಂಟ್, ಒಳಬರುವ ಗಾಳಿ ಎರಡೂ ಎಷ್ಟು ತೋರಿಸಿದವು?

ಅಕ್ಕ: ಎರಡೂ 19 ಡಿಗ್ರಿ.

ನಾನು: ರಾತ್ರಿಯಿಡೀ ಆರಿದ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹಾಗಾದರೆ ಸೆನ್ಸರ್ ಮೇಲೆ ಅನುಮಾನ ಬೇಡ. ವೈರು ತುಂಡಾಗಿದ್ದರೆ ಮೈನಸ್ 40 ತೋರಿಸುತ್ತಿತ್ತು. ಈ ನಡುವೆ ಕೂಲಂಟ್ ಕೆಲಸ ಎಲ್ಲಾದರೂ ಮಾಡಿಸಿದ್ದೆಯಾ?

ಅಕ್ಕ: ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಬದಲಿಸಿದರು.

ನಾನು: ಅಲ್ಲಿ ವಾಲ್ವ್ ತೆಗೆದೇ ಬಿಟ್ಟಿದ್ದರೂ ಇರಬಹುದು. ಬಿಚ್ಚುವಾಗ ನೀನೇ ಎದುರಿಗೆ ನಿಂತು ನೋಡು. ಎಷ್ಟು ಡಿಗ್ರಿಯದು ಇರಬೇಕೋ ಅಷ್ಟರದ್ದೇ ಹಾಕಿಸು. ಹೊಸ ಸೀಲ್ ಇರಲಿ. ಕೂಲಂಟ್ ತುಂಬಿದ ಮೇಲೆ ಗಾಳಿ ಪೂರ್ತಿ ಹೊರಗೆ ಬಿಡಿಸು.

ವಿಜಯಪುರ ಕಾಕಾ: ಬೆಳಗಾವಿ ತಂಪು ಊರು, ಅವಳಿಗೆ ಅದು ಬೇಕು ಅಂತ ಒಪ್ಪುತ್ತೇನೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ ತಮ್ಮಾ. ಸೊಲ್ಲಾಪುರಕ್ಕೆ ಹೋಗುವಾಗ ಮುಳ್ಳು ಮೇಲೇರುವುದು ನಾನೇ ನೋಡಿದ್ದೇನೆ.

ನಾನು: ಮುಳ್ಳು ಹಾಗೆ ಏರಿದಾಗ, ವಾಲ್ವ್ ಸರಿ ಇದ್ದರೆ ಅದು ತಾನೇ ಪೂರ್ತಿ ತೆರೆದಿರುತ್ತದೆ ಕಾಕಾ. ತೆಗೆದರೆ ಹೊಸದಾಗಿ ಏನು ಸಿಗುತ್ತದೆ? ಅಷ್ಟೇ ಅಲ್ಲ, ಎಷ್ಟೋ ಎಂಜಿನ್‌ಗಳಲ್ಲಿ ಅದು ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ತೆಗೆದರೆ ಆ ದಾರಿ ತೆರೆದೇ ಉಳಿಯುತ್ತದೆ. ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಮತ್ತೆ ಎಂಜಿನ್ನಿಗೇ ವಾಪಸ್. ಕೊನೆಗೆ ಇನ್ನೂ ಜಾಸ್ತಿ ಕಾಯುತ್ತದೆ. ನಿಮ್ಮ ಮುಳ್ಳು ಏರುತ್ತಿದ್ದರೆ ಫ್ಯಾನ್ ನೋಡಿ, ರೇಡಿಯೇಟರ್ ನೋಡಿ. ರಸ್ತೆ ಮೇಲೆ ಜೋಳದ ತೆನೆ ಹರವಿರುತ್ತಾರಲ್ಲ, ಆ ಹೊಟ್ಟು, ಧೂಳು ಎಲ್ಲ ರೇಡಿಯೇಟರ್ ಸಂದಿಯಲ್ಲೇ ಕೂತಿರುತ್ತದೆ.

ವಿಜಯಪುರ ಕಾಕಾ: ಅದು ನಿಜ ಇರಬಹುದು. ತೊಳೆಸಿ ಎಷ್ಟೋ ದಿನ ಆಯಿತು. ಆದರೂ ಜೀಪಿನ ಮಾತು ನಾನು ಬಿಡುವುದಿಲ್ಲ.

ನಾನು: ಜೀಪಿನ ಮಾತು ಇರಲಿ ಕಾಕಾ. ರೇಡಿಯೇಟರ್ ಆರಿದ ಮೇಲೆ ಎಂಜಿನ್ ಕಡೆಯಿಂದ ಹೊರಗಡೆಗೆ ನೀರು ಬಿಡಿಸಿ. ಪ್ರೆಷರ್ ಕಡಿಮೆ ಇಡಲು ಹೇಳಿ, ಇಲ್ಲದಿದ್ದರೆ ತೆಳು ತಗಡೆಲ್ಲ ಮಡಚಿಕೊಳ್ಳುತ್ತದೆ.

ವಿಜಯಪುರ ಕಾಕಾ: ಆಯಿತು. ವಿಡಿಯೊ ಅಳಿಸಿದ್ದೇನೆ.