ಅಪ್‌ಡೇಟ್: ಲೈಬ್ರರಿ ಪುಸ್ತಕ ಓದಿ ಗೊಬ್ಬರ ಮಾಡಿದೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಲೈಬ್ರರಿ ಪುಸ್ತಕ ವಾಪಸ್ ಕೊಟ್ಟ ಮೇಲೆ ಓದಿದ್ದೇನೂ ನೆನಪಿರುವುದಿಲ್ಲ, ಏನು ಮಾಡಲಿ ಅಂತ. ‘ಒಂದೇ ಅಧ್ಯಾಯ ಓದಿ, ಮಾಡಿ ನೋಡಿ’ ಎಂದವರಿಗೆ ಥ್ಯಾಂಕ್ಸ್. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂವಿ ಕ್ರಮದಲ್ಲಿ 635 ಅಂದರೆ ತೋಟಗಾರಿಕೆ. ಆ ಕಪಾಟಿನಿಂದ ಕಾಂಪೋಸ್ಟ್ (ಹಸಿ ಕಸದ ಗೊಬ್ಬರ) ಪುಸ್ತಕ ತಂದು, ಒಂದು ಕುಂಡದಲ್ಲಿ ಮಾಡಲು ಶುರು ಮಾಡಿದೆ.

ಮೊದಲ ವಾರವೇ ಗಬ್ಬು ವಾಸನೆ! ಅಮ್ಮ ಕುಂಡವನ್ನು ಟೆರೇಸಿನ ಮೂಲೆಗೆ ಗಡೀಪಾರು ಮಾಡಿದರು. ಪುಸ್ತಕ ಮತ್ತೆ ತೆಗೆದರೆ ಕಾರಣ ಅಲ್ಲೇ ಇತ್ತು. ಇಂಗಾಲ, ಸಾರಜನಕ ಸುಮಾರು 30ಕ್ಕೆ 1ರಂತೆ ಇರಬೇಕು. ನಾನು ಬರೀ ತರಕಾರಿ ಸಿಪ್ಪೆ ತುಂಬಿದ್ದೆ, ಅದರಲ್ಲಿ ಸಾರಜನಕವೂ ನೀರೂ ಜಾಸ್ತಿ. ಗಾಳಿ ಆಡದೆ ಕೊಳೆತಿತ್ತು. ಇಂಗಾಲ ಜಾಸ್ತಿ ಇರುವ ಒಣ ಎಲೆ, ಹರಿದ ರಟ್ಟು ಸೇರಿಸಿ ಕೆದಕಿದೆ. ನಾಲ್ಕೇ ದಿನಕ್ಕೆ ವಾಸನೆ ಹೋಯಿತು. ಆ ಪುಟವನ್ನಂತೂ ಈಗ ನಿದ್ದೆಯಲ್ಲೂ ಹೇಳಬಲ್ಲೆ.

ಗೊಬ್ಬರ ಮೊನ್ನೆ ಕರಿಬೇವಿಗೆ ಹಾಕಿದೆ. ಪುಸ್ತಕಕ್ಕೆ ಮಾತ್ರ ದಂಡ ಬಿತ್ತು.