ಆರ್‌ವಿಯಲ್ಲಿ ಅಲಾಸ್ಕಾಗೆ ಆರು ವಾರ: ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ, ಸಿಯಾಟಲ್‌ನಿಂದ

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಗೆ ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅಪ್ಪನಿಗೆ ಎಪ್ಪತ್ತು, ಆದರೆ ಇಬ್ಬರೂ ಗಟ್ಟಿಯಾಗಿದ್ದಾರೆ. ಮಗಳಿಗೆ ಹತ್ತು ವರ್ಷ. ಬಾಡಿಗೆ ಆರ್‌ವಿ (ಒಳಗೇ ಅಡುಗೆ ಮಾಡಿಕೊಂಡು ಮಲಗುವ ದೊಡ್ಡ ಗಾಡಿ) ತೆಗೆದುಕೊಂಡು ಕೆನಡಾ ಮೂಲಕ ಅಲಾಸ್ಕಾಗೆ ಹೋಗಿ ಬರುವ ಆಸೆ. ಆರು ವಾರ ರಜೆ ಸಿಗುತ್ತದೆ. ಜೊತೆಗೆ ಕೆನಡಾದ ವಾಯವ್ಯ ತುದಿಯ ಯೂಕಾನ್ ಪ್ರಾಂತ್ಯದಿಂದ ಉತ್ತರಕ್ಕೆ ಹೋಗುವ ಡೆಂಪ್‌ಸ್ಟರ್ ಹೈವೇ ಹಿಡಿದು ಆರ್ಕ್‌ಟಿಕ್ ಸಾಗರವನ್ನೂ ಮುಟ್ಟಿ ಬರೋಣ ಅಂತಿದ್ದೇವೆ. ಯಾವ ತಿಂಗಳು ಒಳ್ಳೆಯದು? ದಾರಿ, ಊಟ, ವೀಸಾ, ಏನೇನು ನೋಡಿಕೊಳ್ಳಬೇಕು?

ವ್ಯಾಂಕೂವರ್‌ನಿಂದ

ಖಂಡಿತ ಹೋಗಿ. ಅಪ್ಪ ಅಮ್ಮನ ಜೊತೆ ಇಂಥ ದಾರಿ ಸಿಗುವುದು ಭಾಗ್ಯ. ಆದರೆ ಮೊದಲು ದೂರದ ಲೆಕ್ಕ ಹಾಕಿ.

ಸಿಯಾಟಲ್‌ನಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಡಾಸನ್ ಕ್ರೀಕ್‌ಗೆ ಸುಮಾರು 1,300 ಕಿ.ಮೀ. ಅಲಾಸ್ಕಾ ಹೈವೇ ಶುರುವಾಗುವುದೇ ಅಲ್ಲಿ. ಅಲ್ಲಿಂದ ಆ ಹೈವೇ ಮುಗಿಯುವ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ಗೆ 2,200 ಕಿ.ಮೀ.ಗಿಂತ ಜಾಸ್ತಿ, ಫೇರ್‌ಬ್ಯಾಂಕ್ಸ್‌ಗೆ ಇನ್ನೂ ನೂರೈವತ್ತು. ಡೆನಾಲಿ, ಆಂಕರೇಜ್, ಹೋಮರ್ ನೋಡಿಕೊಂಡು, ಬರುವಾಗ ಬೇರೆ ದಾರಿಯಾದ ಕ್ಯಾಸಿಯರ್ ಹೈವೇಯಲ್ಲಿ ಇಳಿದು ಬಂದರೆ ಒಟ್ಟು ಒಂಬತ್ತರಿಂದ ಹತ್ತು ಸಾವಿರ ಕಿ.ಮೀ. ಬಾಡಿಗೆಯ ಸಾಧಾರಣ ಆರ್‌ವಿ ಲೀಟರಿಗೆ ಮೂರೂವರೆ, ನಾಲ್ಕು ಕಿ.ಮೀ. ಕೊಡುತ್ತದೆ. ಅಂದರೆ ಸುಮಾರು ಎರಡೂವರೆ ಸಾವಿರ ಲೀಟರ್ ಪೆಟ್ರೋಲ್. ಬ್ರಿಟಿಷ್ ಕೊಲಂಬಿಯಾದ ಉತ್ತರ ತುದಿಯಲ್ಲಿ ಅದರ ಬೆಲೆಯೂ ಏರುತ್ತದೆ. ಬಾಡಿಗೆ ಕರಾರಿನಲ್ಲಿ ಎಷ್ಟು ಮೈಲಿ ಉಚಿತ, ಆಮೇಲೆ ಮೈಲಿಗೆ ಎಷ್ಟು ಅಂತ ಮೊದಲೇ ಕೇಳಿ.

ಆರು ವಾರ ಕೇಳುವುದಕ್ಕೆ ದೊಡ್ಡದು. ಆದರೆ ದಿನಕ್ಕೆ 300–350 ಕಿ.ಮೀ.ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಎರಡು ದಿನ ಓಡಿಸಿದರೆ ಒಂದು ದಿನ ಎಲ್ಲಾದರೂ ಸುಮ್ನೆ ಇರಿ. ಹಿರಿಯರಿಗೆ ಅದೇ ಬೇಕಾಗಿರುವುದು. ಈ ದಾರಿಯಲ್ಲಿ ಜನ ತಲುಪುವ ಊರಿನ ಬಗ್ಗೆಯೇ ಯೋಚಿಸುತ್ತಾರೆ, ನಡುವೆ ಇರುವುದನ್ನು ಬಿಟ್ಟುಬಿಡುತ್ತಾರೆ. ಮಂಚೋ ಸರೋವರದ ಹತ್ತಿರ ಕಾಡುಕುರಿಗಳು ರಸ್ತೆಗೇ ಇಳಿಯುತ್ತವೆ. ಲಿಯಾರ್ಡ್ ನದಿಯ ಆಸುಪಾಸಿನಲ್ಲಿ ಬೈಸನ್ ಹಿಂಡು ರಸ್ತೆ ಬದಿಯಲ್ಲೇ ಮೇಯುತ್ತಿರುತ್ತದೆ. ಅಲ್ಲೇ ಲಿಯಾರ್ಡ್ ಬಿಸಿನೀರ ಬುಗ್ಗೆ ಇದೆ. ಜೌಗಿನ ಮೇಲೆ ಮರದ ಹಲಗೆ ದಾರಿ, ಕೊನೆಯಲ್ಲಿ ಕಾಡಿನ ನಡುವೆ ಬಿಸಿನೀರಿನ ಕೊಳ. ಮಂಡಿನೋವು ಇರುವವರಿಗೆ ಎಷ್ಟು ಹಿತವಾಗುತ್ತದೆ ಅಂದರೆ, ನಮ್ಮ ಅತ್ತೆಯವರು ಅಲ್ಲಿಂದ ಹೊರಡುವುದಕ್ಕೇ ಒಪ್ಪಲಿಲ್ಲ. ಅಲ್ಲಿ ಎರಡು ರಾತ್ರಿ ಇರಿ.

ರಸ್ತೆ ಪೂರ್ತಿ ಟಾರು. ಆದರೆ ಕ್ಲುವಾನೆ ಸರೋವರ ದಾಟಿದ ಮೇಲೆ, ಡಿಸ್ಟ್ರಕ್ಷನ್ ಬೇಯಿಂದ ಅಲಾಸ್ಕಾ ಗಡಿವರೆಗೆ, ಅಲೆಅಲೆಯಾಗಿ ಎದ್ದಿರುತ್ತದೆ. ಪರ್ಲ್ ಹಾರ್ಬರ್ ದಾಳಿ ಆದ ಮೇಲೆ 1942ರಲ್ಲಿ ಅಮೆರಿಕದ ಸೈನ್ಯ ಎಂಟು ತಿಂಗಳ ಆಸುಪಾಸಿನಲ್ಲಿ ಅವಸರದಿಂದ ಕಡಿದ ದಾರಿ ಇದು. ಆ ಭಾಗದಲ್ಲಿ ನೆಲ ವರ್ಷವಿಡೀ ಒಳಗೆ ಹೆಪ್ಪುಗಟ್ಟಿರುತ್ತದೆ. ಮೇಲಿನ ಪಾಚಿ, ಗಿಡ ತೆಗೆದರೆ ಬಿಸಿಲು ತಾಗಿ ಕರಗುತ್ತದೆ, ರಸ್ತೆ ಕುಸಿಯುತ್ತದೆ. ಪ್ರತಿ ವರ್ಷ ರಿಪೇರಿ ಮಾಡುತ್ತಾರೆ, ಮತ್ತೆ ಕುಸಿಯುತ್ತದೆ. ಆರ್‌ವಿಯ ಹಿಂಭಾಗ ಉದ್ದ ಇರುವುದರಿಂದ ಹಿಂದೆ ಕೂತವರಿಗೆ ಕುಲುಕಾಟ ಜಾಸ್ತಿ. ಅಲ್ಲಿ ಗಂಟೆಗೆ 60 ಕಿ.ಮೀ.ಗಿಂತ ಮೇಲೆ ಹೋಗಬೇಡಿ. ಅಪ್ಪ ಅಮ್ಮನನ್ನು ಮುಂದಿನ ಸೀಟಿಗೆ ಸರದಿಯಲ್ಲಿ ಕೂರಿಸಿ. ಕಪಾಟಿನ ಬಾಗಿಲು ಭದ್ರ ಮಾಡಿ.

ಪೆಟ್ರೋಲ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ. ಬಂಕ್ ಇದೆ ಅಂತ ನಕ್ಷೆಯಲ್ಲಿ ಕಂಡರೂ ಮುಚ್ಚಿರಬಹುದು. ಯೂಕಾನ್‌ನಲ್ಲಿ ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು, ಕಾನೂನಿದೆ. ಸ್ಟೆಪ್ನಿ ಇದೆಯಾ ಅಂತ ಬಾಡಿಗೆ ಕೊಡುವವರನ್ನು ಬಾಯಿಬಿಟ್ಟು ಕೇಳಿ. ಎಷ್ಟೋ ಬಾಡಿಗೆ ಗಾಡಿಗಳಲ್ಲಿ ಇರುವುದಿಲ್ಲ.

ಫೋನಿನ ವಿಷಯ ಒಂದು ಹೇಳಲೇಬೇಕು. ಊರು ಬಿಟ್ಟರೆ ಸಿಗ್ನಲ್ ಇಲ್ಲ. ಐಫೋನಿನ ಸ್ಯಾಟಲೈಟ್ ತುರ್ತು ಸಂದೇಶ ಇದೆ ಅಂತ ಧೈರ್ಯವಾಗಿರಬೇಡಿ. 62 ಡಿಗ್ರಿ ಅಕ್ಷಾಂಶದಿಂದ ಮೇಲೆ ಅದು ಕೆಲಸ ಮಾಡದೇ ಇರಬಹುದು ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಫೇರ್‌ಬ್ಯಾಂಕ್ಸ್ 64ರ ಮೇಲಿದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ತರಹದ ಸಾಧನ ಇಟ್ಟುಕೊಳ್ಳಿ, ಅದು ಬಳಸುವ ಇರಿಡಿಯಂ ಉಪಗ್ರಹಗಳು ಧ್ರುವದವರೆಗೂ ಸಿಗುತ್ತವೆ. ಯೂಕಾನ್‌ನ ವೈಟ್‌ಹಾರ್ಸ್ ಬಿಟ್ಟರೆ ಫೇರ್‌ಬ್ಯಾಂಕ್ಸ್ ತನಕ ದೊಡ್ಡ ಆಸ್ಪತ್ರೆ ಇಲ್ಲ. ಹಿರಿಯರು ಜೊತೆಗಿರುವಾಗ ಈ ಖರ್ಚಿನಲ್ಲಿ ಜಿಪುಣತನ ಬೇಡ.

ತಿಂಗಳು ಅಂದರೆ, ನನ್ನ ಓಟು ಜುಲೈ ಮೂರನೇ ವಾರದಿಂದ ಆಗಸ್ಟ್ ಕೊನೆಗೆ. ಸಾಲ್ಮನ್ ಮೀನು ನದಿ ಹತ್ತುತ್ತಿರುತ್ತವೆ, ಹಿಂದೆಯೇ ಕರಡಿಗಳು ಬರುತ್ತವೆ. ಆಗಸ್ಟ್ ಕೊನೆಗೆ ಸೊಳ್ಳೆ ಇಳಿದಿರುತ್ತದೆ, ಬೆಟ್ಟಗಳು ಕೆಂಪಾಗುತ್ತವೆ, ರಾತ್ರಿ ಕತ್ತಲಾಗಿ ಧ್ರುವಪ್ರಭೆ ಕಾಣುವ ಸಾಧ್ಯತೆ ಇರುತ್ತದೆ.

ಸ್ಯಾನ್ ಹೋಸೆಯಿಂದ

ತಿಂಗಳ ಬಗ್ಗೆ ನಾನು ಒಪ್ಪುವುದಿಲ್ಲ. ಮಗು ಇದೆ ಅಲ್ವಾ, ಜೂನ್‌ನಲ್ಲಿ ಹೋಗಿ. ಜೂನ್ 21ರ ಹೊತ್ತಿಗೆ ಫೇರ್‌ಬ್ಯಾಂಕ್ಸ್‌ನಲ್ಲಿ ಹಗಲು ಹತ್ತಿರ ಹತ್ತಿರ 22 ಗಂಟೆ. ರಾತ್ರಿ ಹನ್ನೊಂದಕ್ಕೆ ಮಗಳು ನದಿ ದಡದಲ್ಲಿ ಆಡುತ್ತಿರುತ್ತಾಳೆ. ಕತ್ತಲಲ್ಲಿ ಗಾಡಿ ಓಡಿಸುವ ಚಿಂತೆಯೇ ಇಲ್ಲ. ಆಗಸ್ಟ್‌ನಲ್ಲಿ ಅಲಾಸ್ಕಾದ ತುಂಬ ಕಡೆ ಮಳೆ ಜಾಸ್ತಿ. ಸೊಳ್ಳೆ ಇರುತ್ತದೆ ನಿಜ, ತಲೆಗೆ ಹಾಕುವ ಬಲೆ ಎಲ್ಲರಿಗೂ ಒಂದೊಂದು ತೆಗೆದುಕೊಳ್ಳಿ. ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು, ಇಲ್ಲದಿದ್ದರೆ ಹಿರಿಯರಿಗೆ ನಿದ್ದೆ ಬರುವುದಿಲ್ಲ.

ಈಗ ವೀಸಾ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಕೆನಡಾ ವಿಸಿಟರ್ ವೀಸಾ ಬೇಕು. ಹೋಗುವಾಗ ಕೆನಡಾ, ಮತ್ತೆ ಅಮೆರಿಕ, ಬರುವಾಗ ಮತ್ತೆ ಕೆನಡಾ, ಮತ್ತೆ ಅಮೆರಿಕ. ಒಟ್ಟು ನಾಲ್ಕು ಸಲ ಗಡಿ. ಹಾಗಾಗಿ ಎರಡೂ ದೇಶದ ವೀಸಾ ಹಲವು ಸಲ ಪ್ರವೇಶಕ್ಕೆ ಆಗುವಂಥದ್ದೇ ಇರಬೇಕು. ಊರಿನಿಂದ ಹೊರಡುವ ಮೊದಲೇ ಅರ್ಜಿ ಹಾಕಿಸಿ, ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮದು ಗ್ರೀನ್ ಕಾರ್ಡ್ ಆದರೆ ಅದರ ಜೊತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಸಾಕು. ಎಚ್‌1ಬಿ (ಕೆಲಸದ ವೀಸಾ) ಆಗಿದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ ಕಂಪನಿಯ ವಕೀಲರನ್ನು ಕೇಳಿಯೇ ಹೊರಡಿ.

ಅಪ್ಪ ಅಮ್ಮನಿಗೆ ಮಾಡಿಸಿರುವ ಆರೋಗ್ಯ ವಿಮೆ ಅಮೆರಿಕಕ್ಕೆ ಮಾತ್ರ ಇರಬಹುದು, ಕೆನಡಾಕ್ಕೂ ಅನ್ವಯಿಸುತ್ತದೆಯಾ ನೋಡಿ. ಗಾಡಿ ವಿಮೆಗೂ ಕೆನಡಾದಲ್ಲಿ ತೋರಿಸುವ ಕಾರ್ಡ್ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಕರಡಿಗೆ ಅಂತಲೇ ಮಾಡಿದ ಸ್ಪ್ರೇ ಕೆನಡಾದೊಳಗೆ ಒಯ್ಯಬಹುದು. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಒಯ್ಯುವ ಹಾಗಿಲ್ಲ.

ಎಡ್ಮಂಟನ್‌ನಿಂದ

ನಾನು ಅಡುಗೆ ವಿಷಯ ಬರೆಯುತ್ತೇನೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದರೆ ಅಮ್ಮ ಜೊತೆಗಿದ್ದರೆ ಅರ್ಧ ಪ್ರವಾಸ ಇದೇ.

ಮೂರು ಲೀಟರಿನ ಕುಕ್ಕರ್ ಒಂದು ಸಾಕು. ಅವಲಕ್ಕಿ, ರವೆ, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಸಾರಿನಪುಡಿ ಮನೆಯಿಂದಲೇ ಒಯ್ಯಿರಿ. ಅಕ್ಕಿ ಬೇಳೆ ದಾರಿಯ ದೊಡ್ಡ ಊರುಗಳಲ್ಲಿ ಸಿಗುತ್ತದೆ, ಆದರೆ ಉತ್ತರಕ್ಕೆ ಹೋದ ಹಾಗೆ ತರಕಾರಿ ಬಾಡಿರುತ್ತದೆ, ಬೆಲೆಯೂ ಜಾಸ್ತಿ. ಹಸಿ ಕರಿಬೇವು ಮಾತ್ರ ಗಡಿ ದಾಟಿಸಬೇಡಿ. ಅದು ನಿಂಬೆ ಜಾತಿಗೆ ಸೇರಿದ್ದು, ಕಿತ್ತಳೆ ತೋಟ ಹಾಳು ಮಾಡುವ ಕೀಟ ಅದರಲ್ಲಿ ಬರುತ್ತದೆ ಅಂತ ಅಮೆರಿಕದವರು ತುಂಬ ಕಟ್ಟುನಿಟ್ಟು. ಒಗ್ಗರಣೆಯನ್ನೇ ಎಣ್ಣೆಯಲ್ಲಿ ಹುರಿದು ಡಬ್ಬಿಗೆ ಹಾಕಿಕೊಂಡು ಹೋಗಿ. ಹಣ್ಣು ತರಕಾರಿ ಇದ್ದರೆ ಗಡಿಯಲ್ಲಿ ಕೇಳುವ ಮೊದಲೇ ಹೇಳಿಬಿಡಿ.

ಒಗ್ಗರಣೆ ಹಾಕುವ ಮೊದಲು ಛಾವಣಿಯ ಕಿಂಡಿ ತೆಗೆದು ಫ್ಯಾನ್ ಹಾಕಿ. ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ ಅಂತ ಅದರ ಬ್ಯಾಟರಿ ಕೀಳಬೇಡಿ. ಪುಟ್ಟ ಜಾಗದಲ್ಲಿ ಗ್ಯಾಸ್ ಇಟ್ಟುಕೊಂಡು ಮಲಗುತ್ತೀರಿ. ಜುಲೈನಲ್ಲೂ ರಾತ್ರಿ ಚಳಿ ಇರುತ್ತದೆ, ಮೊಸರು ಹೆಪ್ಪಾಗುವುದಿಲ್ಲ. ಪಾತ್ರೆಗೆ ಬಟ್ಟೆ ಸುತ್ತಿ, ಆರಿಸಿದ ಓವನ್ ಒಳಗಿಟ್ಟರೆ ಬೆಳಿಗ್ಗೆಗೆ ಆಗಿರುತ್ತದೆ.

ಇನ್ನು ನೀರು. ಐದು ಜನಕ್ಕೆ ನೂರೈವತ್ತು ಲೀಟರ್ ಆಸುಪಾಸಿನ ಟ್ಯಾಂಕ್. ನಮ್ಮವರು ಶೌಚಕ್ಕೆ ನೀರು ಬಳಸುವುದರಿಂದ ಕೊಳಕು ನೀರಿನ ಟ್ಯಾಂಕ್ ಬೇಗ ತುಂಬುತ್ತದೆ. ಇದನ್ನು ಅಪ್ಪ ಅಮ್ಮನಿಗೆ ಮೊದಲೇ, ಮುಜುಗರ ಆಗದ ಹಾಗೆ ಹೇಳಿ. ಎರಡು ಮೂರು ದಿನಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡುವ ಜಾಗ ದಾರಿಯಲ್ಲಿ ಬರುವ ಹಾಗೆ ಪ್ಲಾನ್ ಮಾಡಿದರೆ ತೊಂದರೆಯೇ ಇಲ್ಲ. ಯೂಕಾನ್ ಸರ್ಕಾರದ ಕ್ಯಾಂಪ್‌ಗಳಲ್ಲಿ ವಿದ್ಯುತ್ ಇರುವುದಿಲ್ಲ, ಆದರೆ ಸೌದೆ ಉಚಿತ, ಜಾಗ ಬಹಳ ಚೆನ್ನ. ಉಳಿದ ಅನ್ನ, ತೊಳೆಯದ ಪಾತ್ರೆ ಹೊರಗೆ ಬಿಡಲೇಬೇಡಿ. ಒಂದು ಸಲ ಮನುಷ್ಯರ ಊಟದ ರುಚಿ ಕಂಡ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಅಪ್ಪ ಅಮ್ಮನ ಬಿಪಿ, ಶುಗರ್ ಮಾತ್ರೆ ಇಡೀ ಪ್ರವಾಸಕ್ಕೆ ಆಗುವಷ್ಟು, ಮೇಲೆ ಎರಡು ವಾರಕ್ಕೆ ಹೆಚ್ಚು ಇರಲಿ.

ಕ್ಯಾಲ್ಗರಿಯಿಂದ

ಡೆಂಪ್‌ಸ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ನಾವು ಗೆಳೆಯರು ಟ್ರಕ್‌ನಲ್ಲಿ ಹೋಗಿದ್ದೆವು. ನಾನು ಕಂಡ ಅತಿ ಚೆಂದದ ರಸ್ತೆ ಅದು. ಆದರೂ ಈ ಸಲ ಬೇಡ ಅನ್ನುತ್ತೇನೆ. ಯೂಕಾನ್‌ನ ಡಾಸನ್ ಸಿಟಿ (ಡಾಸನ್ ಕ್ರೀಕ್ ಬೇರೆ) ಹತ್ತಿರದಿಂದ ಉತ್ತರದ ಇನುವಿಕ್‌ಗೆ 740 ಕಿ.ಮೀ. ಜಲ್ಲಿ ರಸ್ತೆ. 2017ರಲ್ಲಿ ಟಕ್ಟೊಯಾಕ್ಟಕ್ ತನಕ, ಅಂದರೆ ಸಾಗರದ ತನಕ, ರಸ್ತೆ ಆಯಿತು. ಅದು ಇನ್ನೂ 138 ಕಿ.ಮೀ. ಹೋದ ದಾರಿಯಲ್ಲೇ ವಾಪಸ್. ಚೂಪು ಕಲ್ಲು ಟೈರ್ ಸೀಳುತ್ತದೆ. ಪೀಲ್, ಮೆಕೆಂಜಿ ಎರಡು ನದಿಗೆ ದೋಣಿ, ನೀರು ಏರಿದರೆ ನಿಲ್ಲುತ್ತದೆ. ಈಗಲ್ ಪ್ಲೇನ್ಸ್ ತನಕ 370 ಕಿ.ಮೀ. ಪೆಟ್ರೋಲ್ ಇಲ್ಲ. ಬಾಡಿಗೆ ಆರ್‌ವಿ ಕರಾರುಗಳಲ್ಲಿ ಸಾಮಾನ್ಯವಾಗಿ ಈ ರಸ್ತೆಗೆ ನಿಷೇಧ ಇರುತ್ತದೆ. ಗಾಡಿ ಕೆಟ್ಟರೆ ಎಳೆದು ತರುವ ಖರ್ಚು ಪೂರ್ತಿ ನಿಮ್ಮದು. ಅಲಾಸ್ಕಾದ ಡಾಲ್ಟನ್ ಹೈವೇಯದ್ದೂ ಇದೇ ಕಥೆ. ಅಲ್ಲಂತೂ ಕೊನೆಯಲ್ಲಿ ಎಣ್ಣೆ ಬಾವಿಗಳ ಪ್ರದೇಶ ಬರುತ್ತದೆ, ಸ್ವಂತ ಗಾಡಿಯಲ್ಲಿ ಸಾಗರದ ದಡಕ್ಕೆ ಬಿಡುವುದಿಲ್ಲ.

ಆಸೆ ಬಿಡಲಾಗದಿದ್ದರೆ, ಆರ್‌ವಿಯನ್ನು ಡಾಸನ್ ಸಿಟಿಯಲ್ಲಿ ನಿಲ್ಲಿಸಿ, ಜಲ್ಲಿ ರಸ್ತೆಗೆ ಅನುಮತಿ ಇರುವ ಬೇರೆ ಗಾಡಿ ಹಿಡಿದು ಟೂಂಬ್‌ಸ್ಟೋನ್ ಪಾರ್ಕ್ ತನಕ ಹೋಗಿ ಬನ್ನಿ. ಡೆಂಪ್‌ಸ್ಟರ್ ಶುರುವಾದಲ್ಲಿಂದ 70 ಕಿ.ಮೀ. ಅಷ್ಟೆ. ಕಪ್ಪು ಶಿಖರಗಳು, ಮರವೇ ಇಲ್ಲದ ಬಯಲು, ಎಲ್ಲ ಅಲ್ಲೇ ಸಿಗುತ್ತದೆ. ಒಂದೇ ದಿನದಲ್ಲಿ ವಾಪಸ್ ಬರಬಹುದು.

ಸಿಯಾಟಲ್‌ನಿಂದ, ಪ್ರಶ್ನೆ ಕೇಳಿದವರು

ತುಂಬ ಧನ್ಯವಾದ. ಡೆಂಪ್‌ಸ್ಟರ್ ಬಿಟ್ಟೆವು, ಟೂಂಬ್‌ಸ್ಟೋನ್ ಇಟ್ಟುಕೊಂಡೆವು. ಅಮ್ಮನಿಗೆ ಡೆನಾಲಿ ಶಿಖರ ನೋಡಬೇಕಂತೆ. ಅಲ್ಲಿ ಆರ್‌ವಿ ಎಲ್ಲಿಯವರೆಗೆ ಹೋಗುತ್ತದೆ?

ವ್ಯಾಂಕೂವರ್‌ನಿಂದ

ಡೆನಾಲಿ ನ್ಯಾಷನಲ್ ಪಾರ್ಕಿನೊಳಗಿನ ರಸ್ತೆ 148 ಕಿ.ಮೀ. ಸ್ವಂತ ಗಾಡಿಗೆ ಮೊದಲ 24 ಕಿ.ಮೀ. ಮಾತ್ರ. ಮುಂದೆ ಪಾರ್ಕಿನ ಬಸ್. 2021ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ರಸ್ತೆ ಅರ್ಧದಲ್ಲೇ ಮುಚ್ಚಿತು, ಹಾಗಾಗಿ ಹೊರಡುವ ಮುನ್ನ ಬಸ್ ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಆದರೆ ಟೆಕ್ಲಾನಿಕಾ ಕ್ಯಾಂಪ್‌ನಲ್ಲಿ ಕನಿಷ್ಠ ಮೂರು ರಾತ್ರಿ ಬುಕ್ ಮಾಡಿದವರಿಗೆ ಆರ್‌ವಿಯಲ್ಲೇ ಅಲ್ಲಿಯತನಕ, ಅಂದರೆ 47 ಕಿ.ಮೀ. ಒಳಗೆ, ಬಿಡುತ್ತಾರೆ. ಶಿಖರ ಹೆಚ್ಚಿನ ದಿನ ಮೋಡದಲ್ಲೇ ಇರುತ್ತದೆ. ಮೂರು ರಾತ್ರಿ ಇದ್ದರೆ ಅಮ್ಮನಿಗೆ ಕಾಣುವ ಅವಕಾಶ ಜಾಸ್ತಿ. ಅಲ್ಲಿ ಜಾಗ ಕಡಿಮೆ, ಚಳಿಗಾಲದಲ್ಲೇ ಬುಕ್ ಮಾಡಿ. ಉಳಿದ ಪ್ರವಾಸವನ್ನು ಆ ಮೂರು ದಿನಗಳ ಸುತ್ತ ಜೋಡಿಸಿಕೊಳ್ಳಿ.