ಎಂಟನೇ ಕ್ಲಾಸ್ ಮುಗಿಸಿದ ಮಗ, ಒಂದೂವರೆ ತಿಂಗಳ ರಜೆ: ಕೋಚಿಂಗ್ ಸೇರಿಸಲಾ, ಊರಿಗೆ ಕಳಿಸಲಾ?

ನಾಗರಭಾವಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನಿಗೆ 13 ತುಂಬಿದೆ, ಜೂನ್‌ಗೆ ಒಂಬತ್ತನೇ ಕ್ಲಾಸ್. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೂ ರಜೆ. ನಾನು, ನಮ್ಮ ಮನೆಯವರು ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರೋದು ರಾತ್ರಿ ಏಳಕ್ಕೆ. ಹೋದ ರಜೆಯಲ್ಲಿ ಅವನು ಪೂರ್ತಿ ದಿನ ಸೋಫಾ ಬಿಟ್ಟು ಏಳಲಿಲ್ಲ. ಮುಚ್ಚಿಟ್ಟು ಹೋದ ಅನ್ನ ಸಾರು ಸಂಜೆ ಬಂದು ತೆಗೆದರೆ ಹಾಗೇ ಇರ್ತಿತ್ತು, ಫೋನ್ ಮಾತ್ರ ಬಿಸಿಯಾಗಿರ್ತಿತ್ತು. ರಾತ್ರಿ ಎರಡಕ್ಕೆ ಮಲಗೋದು, ಹಗಲು ಹನ್ನೊಂದಕ್ಕೆ ಏಳೋದು. ಜಗಳ ಆಡಿ ಆಡಿ ಕೊನೆಗೆ ನಾನೇ ಸುಮ್ಮನಾದೆ.

ಈ ಸಲ ಎರಡು ದಾರಿ ಇದೆ. ಮನೆ ಹತ್ತಿರದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಒಂಬತ್ತನೇ ಕ್ಲಾಸಿನ ಗಣಿತ, ವಿಜ್ಞಾನ ಮೊದಲೇ ಮುಗಿಸಿಕೊಡ್ತಾರಂತೆ, ಬೆಳಿಗ್ಗೆ ಒಂಬತ್ತೂವರೆಯಿಂದ ಮೂರರವರೆಗೆ. ಅವರಪ್ಪನಿಗೆ ಅದೇ ಸರಿ ಅನ್ನಿಸಿದೆ. ಇನ್ನೊಂದು, ತಿಪಟೂರು ಹತ್ತಿರ ನನ್ನ ತವರು. ತೆಂಗಿನ ತೋಟ, ತಾತ, ಅಜ್ಜಿ, ಎರಡು ಹಸು. ಮಗನಿಗೂ ಹೋಗೋ ಆಸೆ ಇದೆ. ಆದರೆ ಅಪ್ಪನಿಗೆ 70 ಆಯ್ತು, ಇವನ ಹಿಂದೆ ಓಡಾಡೋಕೆ ಆಗಲ್ಲ. ತೋಟದಲ್ಲಿ ಎರಡು ವರ್ಷದ ಹಿಂದೆ ಕೃಷಿ ಹೊಂಡ ಬೇರೆ ಮಾಡಿಸಿದ್ದಾರೆ, ಅದನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ. ಈ ವಯಸ್ಸಿನ ಮಕ್ಕಳಿಗೆ ರಜೆಯಲ್ಲಿ ನಿಜವಾಗಿ ಏನು ಬೇಕು? ಅನುಭವ ಇರೋರು ಹೇಳಿ.

ಗಣಿತದ ಅಪ್ಪ, ದಾವಣಗೆರೆ:

ಅಕ್ಕ, ಒಂಬತ್ತನೇ ಕ್ಲಾಸಿನಲ್ಲಿ ಗಣಿತ ಒಮ್ಮೆಲೇ ಭಾರ ಆಗುತ್ತೆ ಅನ್ನೋದು ನಿಜ, ನನ್ನ ಮಗಳಿಗೂ ಆಯ್ತು. ಹಾಗಂತ ಐದೂವರೆ ಗಂಟೆ ಕೂರಿಸೋದು ಬೇಡ. ಎಂಟನೇ ಕ್ಲಾಸಿನ ಬೀಜಗಣಿತದಲ್ಲಿ, ಭಿನ್ನರಾಶಿಯಲ್ಲಿ ಎಲ್ಲಿ ತಪ್ಪು ಮಾಡ್ತಾನೆ ನೋಡಿ. ದಿನಕ್ಕೆ ಮುಕ್ಕಾಲು ಗಂಟೆ ಅದನ್ನೇ ಮಾಡಿಸಿ. ಹಳೆಯದು ಗಟ್ಟಿ ಆಗದೆ ಹೊಸದು ಮುಗಿಸಿದರೆ ಜೂನ್‌ನಲ್ಲಿ ಎರಡೂ ಇರಲ್ಲ.

ಮೈಸೂರು ಆಂಟಿ:

ನೀವು ಮೈಸೂರಲ್ಲಿ ಇದ್ದಿದ್ದರೆ ಕಣ್ಣು ಮುಚ್ಚಿ ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿಸಿ ಅಂತಿದ್ದೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಬೆಳೆದದ್ದು. ಮನೆಯಲ್ಲಿ ಬಾಯಿ ಬಿಡದ ಹುಡುಗ ಕೊನೆಯ ದಿನ ನಾಟಕದಲ್ಲಿ ನೂರಾರು ಜನರ ಮುಂದೆ ನಿಂತು ಮಾತಾಡಿದ. ಬೆಂಗಳೂರಲ್ಲಿ ಕಬ್ಬನ್ ಪಾರ್ಕಿನ ಬಾಲಭವನದಲ್ಲೂ ಬೇಸಿಗೆ ಶಿಬಿರ ನಡೆಯುತ್ತೆ, ವಿಚಾರಿಸಿ. ಆದರೆ 13 ದಾಟಿದವರನ್ನ ತಗೋತಾರಾ ಅಂತ ಮೊದಲು ಕೇಳಿಕೊಳ್ಳಿ, ಚಿಕ್ಕ ಮಕ್ಕಳ ನಡುವೆ ಕೂರಿಸಿದರೆ ಇವರಿಗೆ ಅವಮಾನ ಆಗುತ್ತೆ.

ಡ್ರಿಲ್ ಮೇಷ್ಟ್ರು, ತಿಪಟೂರು ಸೀಮೆ:

ಅಮ್ಮ, ನಮ್ಮ ಕಡೆಯವರೇ ಅಂತ ಗೊತ್ತಾಗಿ ಬರೀತಿದ್ದೀನಿ. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನನ್ನ ಕೈಯಲ್ಲಿ ಬರೋದು ಪೂರ್ತಿ ನಿಮ್ಮ ಮಗನ ವಯಸ್ಸಿನ ಮಕ್ಕಳೇ.

ನಿಮ್ಮ ಹುಡುಗನಿಗೆ ಈ ರಜೆಯಲ್ಲಿ ಒಂದೇ ಒಂದು ವಿದ್ಯೆ ಕಲಿಸೋ ಹಾಗಿದ್ದರೆ ಈಜು ಕಲಿಸಿ. ಊರಿಗೆ ಕಳಿಸೋದು, ಬಿಡೋದು ಆಮೇಲಿನ ಮಾತು.

ನಾವು ಹುಡುಗರಾಗಿದ್ದಾಗ ತೋಟಕ್ಕೊಂದು ತೆರೆದ ಬಾವಿ ಇತ್ತು. ಏಪ್ರಿಲ್ ಬಂತು ಅಂದರೆ ನಮ್ಮ ದೊಡ್ಡಪ್ಪ ಸಿಪ್ಪೆ ಸಮೇತ ಎರಡು ಒಣಗಿದ ತೆಂಗಿನಕಾಯಿ ಆರಿಸೋರು. ಎರಡರಿಂದಲೂ ಒಂದೊಂದು ಎಳೆ ಸಿಪ್ಪೆ ಬಿಡಿಸಿ, ಬುಡ ಕೀಳದ ಹಾಗೆ, ಆ ಎಳೆಗಳನ್ನೇ ಒಂದಕ್ಕೊಂದು ಗಂಟು ಹಾಕೋರು. ಆ ಜೋಡಿ ಕಾಯಿ ಎದೆ ಕೆಳಗೆ ಇಟ್ಟುಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಇಳಿಸೋರು. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಅವರ ಕೈಯಲ್ಲಿ. ವಾರ ಕಳೆದ ಮೇಲೆ ಒಂದು ಕಾಯಿ ಕಿತ್ತುಕೊಳ್ಳೋರು. ಇನ್ನೊಂದು ವಾರಕ್ಕೆ ಹಗ್ಗ ಒಂದೇ. ಒಂದು ದಿನ ತಿರುಗಿ ನೋಡಿದರೆ ಹಗ್ಗವೂ ಸಡಿಲ ಬಿಟ್ಟಿರೋರು. ಹಾಗೆ ಊರಿನ ಗಂಡು ಹುಡುಗರೆಲ್ಲ ಹತ್ತು ವರ್ಷದೊಳಗೆ ಈಜು ಕಲಿತಿರ್ತಿದ್ದೆವು.

ಬೋರ್‌ವೆಲ್ ಬಂದವು, ಬಾವಿ ಬತ್ತಿದವು. ಕಲಿಯೋ ಜಾಗವೇ ಹೋಯ್ತು. ಆದರೆ ನೀರು ಬೇರೆ ರೂಪದಲ್ಲಿ ಬಂದು ಕೂತಿದೆ. ಕೆರೆಗಳಲ್ಲಿ ಮಣ್ಣಿಗಾಗಿ ಜೆಸಿಬಿ ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಣ್ಣಿಗೆ ಕಾಣಲ್ಲ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ತಲೆ ಮುಳುಗೋ ಆಳಕ್ಕೆ ಹೋಗ್ತಾನೆ. ಇನ್ನೊಂದು ಈ ಕೃಷಿ ಹೊಂಡ. ರೈತನಿಗೆ ಅದು ಬೇಕೇ ಬೇಕು, ನಾನು ಹೊಂಡದ ವಿರುದ್ಧ ಅಲ್ಲ. ಮೂರು ಮೀಟರ್ ಆಳ, ನಾಲ್ಕು ಕಡೆ ಇಳಿಜಾರು, ಮೇಲೆ ಕಪ್ಪು ಪ್ಲಾಸ್ಟಿಕ್ ಶೀಟು. ಒಂದು ಮಳೆಗಾಲ ಕಳೆದರೆ ಶೀಟಿಗೆ ಪಾಚಿ ಹಿಡಿಯುತ್ತೆ. ಒಳಗೆ ಜಾರಿದವನಿಗೆ ಹಿಡಿಯೋಕೆ ಕಲ್ಲಿಲ್ಲ, ಬೇರಿಲ್ಲ, ಮೆಟ್ಟಿಲಿಲ್ಲ. ಈಜು ಬಂದವನೂ ಹೊರಗೆ ಹತ್ತಲಾರ.

ಏಳು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಸ್ಕೂಲಿನ ಇಬ್ಬರು ಹುಡುಗರು ಹಾಗೇ ಹೋದರು. ಒಬ್ಬ ಕಾಲು ತೊಳೆಯೋಕೆ ಇಳಿದ, ಜಾರಿದ. ಇನ್ನೊಬ್ಬ ಅವನ ಕೈ ಹಿಡಿಯೋಕೆ ಹೋದ. ನಾನು ಹೋಗೋ ಹೊತ್ತಿಗೆ ಮೇಲೆ ತೆಗೆದು ಮಲಗಿಸಿದ್ದರು. ಬದುವಿನ ಮೇಲೆ ಎರಡು ಜೊತೆ ಚಪ್ಪಲಿ ಇತ್ತು. ಶೀಟಿನ ಮೇಲೆ, ನೀರಿನ ಅಂಚಿನಿಂದ ಒಂದು ಮೊಳ ಮೇಲಕ್ಕೆ, ಪಾಚಿ ಕೆರೆದ ಬೆರಳಿನ ಗೆರೆಗಳಿದ್ದವು. ಒಂದಲ್ಲ, ಎಷ್ಟೋ ಸಲ ಹತ್ತೋಕೆ ನೋಡಿದ ಗೆರೆಗಳು. ಅವರಲ್ಲಿ ಒಬ್ಬನಿಗೆ ನಾನು ಕಬಡ್ಡಿ ಕಲಿಸಿದ್ದೆ, ಕೊಕ್ಕೋ ಕಲಿಸಿದ್ದೆ. ಈಜು ಕಲಿಸಿರಲಿಲ್ಲ.

ಅದರ ಮುಂದಿನ ಬೇಸಿಗೆಯಿಂದ ಪ್ರತಿ ವರ್ಷ ನಾನೇ ಕಲಿಸ್ತಿದ್ದೀನಿ. ನಮ್ಮ ಪಕ್ಕದ ಊರಿನ ರೈತರೊಬ್ಬರ ಬಾವಿಯಲ್ಲಿ ಇನ್ನೂ ನೀರಿದೆ, ಕಲ್ಲಿನ ಮೆಟ್ಟಿಲೂ ಇದೆ. ಬೆಳಿಗ್ಗೆ ಆರೂವರೆಯಿಂದ ಎಂಟು. ಒಂದು ಸಲಕ್ಕೆ ನಾಲ್ಕೇ ಮಕ್ಕಳು, ಸೊಂಟಕ್ಕೆ ಹಗ್ಗ, ದಡದಲ್ಲಿ ಇಬ್ಬರು ದೊಡ್ಡವರು, ಮನೆಯವರ ಒಪ್ಪಿಗೆ ಪತ್ರ. ಮೊದಲ ಮೂರು ದಿನ ಬರೀ ನೀರೊಳಗೆ ಮುಖ ಇಟ್ಟು ಗುಳ್ಳೆ ಬಿಡೋದು. ಆಮೇಲೆ ಅಂಗಾತ ತೇಲೋದು. ಕೈ ಕಾಲು ಬಡಿಯೋದು ಕೊನೆಗೆ.

ಬೆಂಗಳೂರಲ್ಲಿ ನಿಮಗೆ ಈಜುಕೊಳಗಳಿವೆ. ನನ್ನ ತಂಗಿ ಮಗನನ್ನ ಸೇರಿಸಿದ ಕಡೆ 21 ದಿನದ ಬೇಸಿಗೆ ಬ್ಯಾಚ್ ಇತ್ತು. ಸೇರಿಸೋ ಮುಂಚೆ ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು ಅಂತ ಎಣಿಸಿ, ಲೈಫ್‌ಗಾರ್ಡ್ ಬೇರೆ ಇದ್ದಾರಾ ನೋಡಿ. ಕೋಚ್‌ಗೆ ಹೀಗೆ ಕೇಳಿ: ಬ್ಯಾಚ್ ಮುಗಿಯೋ ಹೊತ್ತಿಗೆ ನನ್ನ ಮಗ ಆಳದ ಕಡೆ, ಅಂಗಿ ಚಡ್ಡಿ ಹಾಕಿಕೊಂಡು, ಹತ್ತು ನಿಮಿಷ ಏನೂ ಹಿಡಿಯದೆ ತೇಲಬೇಕು. ಸ್ಟೈಲ್ ಸ್ಟ್ರೋಕ್ ಏನೂ ಬೇಡ.

ಈಜು ಬಂದ ಮೇಲೂ ಒಂದು ಮಾತು ಅವನ ತಲೆಯಲ್ಲಿ ಕೂರಬೇಕು. ಯಾರಾದರೂ ಮುಳುಗ್ತಿದ್ದರೆ ಹಾರಬಾರದು. ಮುಳುಗೋನು ಸಿನಿಮಾದಲ್ಲಿ ಕೂಗಿದ ಹಾಗೆ ಕೂಗಲ್ಲ, ಬಾಯಿ ನೀರಿನ ಮಟ್ಟದಲ್ಲಿ ಇರುತ್ತೆ, ಉಸಿರಿಗೇ ಸಾಲಲ್ಲ. ಹತ್ತಿರ ಹೋದವನ ಹೆಗಲು ಹತ್ತಿ ಇಬ್ಬರೂ ಮುಳುಗ್ತಾರೆ. ದಡದಲ್ಲಿ ಬೋರಲು ಮಲಗಿ ಪಂಚೆ, ಗಳ, ಹಗ್ಗ ಚಾಚಬೇಕು, ಇಲ್ಲಾಂದರೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಬೇಕು, ಕೂಗಿ ಜನ ಸೇರಿಸಬೇಕು, 112ಕ್ಕೆ ಫೋನ್ ಮಾಡಬೇಕು.

ಇನ್ನು ಊರಿನ ವಿಷಯ. ಕಳಿಸಿ. ಮೂರು ವಾರ ಈಜು, ಆಮೇಲೆ ತವರು. ಆದರೆ ಅತಿಥಿ ಥರ ಕಳಿಸಬೇಡಿ. ಈ ವಯಸ್ಸಿನವರಿಗೆ ಇನ್ನೊಬ್ಬರು ನಂಬಿ ಬಿಟ್ಟ ಕೆಲಸ ಒಂದು ಬೇಕು, ಅವನು ಮಾಡದಿದ್ದರೆ ನಿಂತು ಹೋಗೋ ಕೆಲಸ. ನಿಮ್ಮ ತಂದೆಯವರ ಅಟ್ಟದಲ್ಲಿ ಕಾಯಿ ಇರುತ್ತಲ್ಲ. ಹತ್ತು, ಹನ್ನೊಂದು ತಿಂಗಳು ಅಟ್ಟದಲ್ಲಿದ್ದು ನೀರು ಇಂಗಿದ ಮೇಲೆ ಕೊಬ್ಬರಿ ಚಿಪ್ಪು ಬಿಡುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಹೊರಳೋ ಸದ್ದು ಬರುತ್ತೆ. ನೀರು ಉಳಿದಿದ್ದರೆ ಸದ್ದೇ ಬೇರೆ. ಇದನ್ನ ತಾತ ಕಲಿಸಲಿ. ಕಾಯಿ ಸುಲಿಯೋರು ಬಂದ ದಿನ ಎಷ್ಟು ಸುಲಿದರು, ಸಾವಿರಕ್ಕೆ ಎಷ್ಟು ಕೂಲಿ, ಎಷ್ಟು ಮುಂಗಡ ಹೋಯ್ತು ಅನ್ನೋ ಲೆಕ್ಕದ ಪುಸ್ತಕ ಇವನ ಕೈಗೆ ಕೊಡಲಿ. ಮಚ್ಚು ಕೊಡಬೇಡಿ, ಪುಸ್ತಕ ಕೊಡಿ. ದಾವಣಗೆರೆಯವರು ಹೇಳಿದ ಗಣಿತವೂ ಅದರಲ್ಲೇ ಅರ್ಧ ಆಗುತ್ತೆ. ಕೊಬ್ಬರಿ ಮಾರೋಕೆ ತಿಪಟೂರಿಗೆ ಹೋದಾಗ ಜೊತೆಯಲ್ಲಿ ಕರ್ಕೊಂಡು ಹೋಗಲಿ.

ಹನ್ನೆರಡರಿಂದ ಮೂರೂವರೆ ಬಿಸಿಲಲ್ಲಿ ಹೊರಗೆ ಬಿಡಬೇಡಿ. ಆ ಹೊತ್ತಲ್ಲಿ ಅವನು ಏನೂ ಮಾಡದೆ ಬಿದ್ದುಕೊಂಡಿದ್ದರೆ ಬೈಯಬೇಡಿ, ಬೇಜಾರು ಬರಲಿ. ಬೇಜಾರಾದ ಮೇಲೇ ಮಕ್ಕಳ ಕೈ ಏನಾದರೂ ಹುಡುಕೋದು. ನಿದ್ದೆ ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು, ಅದಕ್ಕೆ ಸೋಮಾರಿತನ ಅನ್ನಬೇಡಿ. ಫೋನ್ ಮಾತ್ರ ರಾತ್ರಿ ಅಜ್ಜಿ ಕೋಣೆಯಲ್ಲಿ ಮಲಗಲಿ.

ಪಿಯುಸಿ ಹುಡುಗಿ, ತುಮಕೂರು:

ಸರ್, ನೀವು ಬರೆದದ್ದು ಎರಡು ಸಲ ಓದಿದೆ. ನಾನು ಎಂಟನೇ ಕ್ಲಾಸ್ ರಜೆ ಪೂರ್ತಿ ಕೋಚಿಂಗ್‌ನಲ್ಲಿ ಕಳೆದೆ. ಏನು ಕಲಿತೆ ಅಂತ ನೆನಪಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಕಣ್ಣು ಎಳೀತಿದ್ದದ್ದು ನೆನಪಿದೆ. ನನ್ನ ತಮ್ಮನನ್ನ ಮಾವ ಬಾವಿಗೆ ಕರ್ಕೊಂಡು ಹೋಗಿ ಈಜು ಕಲಿಸಿದರು. ನಾನೂ ಬರ್ತೀನಿ ಅಂದರೆ ದೊಡ್ಡವಳಾಗಿದ್ದೀಯ, ಬೇಡ ಅಂದರು. ನೀವೂ "ಗಂಡು ಹುಡುಗರೆಲ್ಲ" ಅಂತಾನೇ ಬರೆದಿದ್ದೀರ. ಹೊಂಡದ ಹತ್ತಿರ ಬಟ್ಟೆ ಒಗೆಯೋಕೆ, ಕ್ಯಾನ್ ತುಂಬೋಕೆ ಹೋಗೋದು ನಾವೇ ಅಲ್ವಾ ಸರ್?

ಡ್ರಿಲ್ ಮೇಷ್ಟ್ರು, ತಿಪಟೂರು ಸೀಮೆ:

ಸರಿಯಾಗಿ ಕೇಳಿದೆ ಮಗಳೇ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನ ಬಾವಿಗೆ ಇಳಿಸಲಿಲ್ಲ, ಅದು ತಪ್ಪು. ನಾನೂ ಮೊದಲ ಎರಡು ವರ್ಷ ಹುಡುಗರಿಗಷ್ಟೇ ಕಲಿಸಿದೆ. ಮೂರನೇ ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಾವಿಕಟ್ಟೆ ಮೇಲೆ ದಿನಾ ಬಂದು ಕೂರೋಳು, ತಮ್ಮನ ಟವೆಲ್ ಹಿಡ್ಕೊಂಡು. ಐದನೇ ದಿನ ಅವಳ ಮುಖ ನೋಡೋಕೆ ಆಗಲಿಲ್ಲ. ನಮ್ಮ ಮನೆಯವರಿಗೆ ಈಜು ಬರ್ತಿರಲಿಲ್ಲ. ಆ ಬೇಸಿಗೆ 38ನೇ ವಯಸ್ಸಲ್ಲಿ ಕಲಿತರು. ಈಗ ಹೆಣ್ಣುಮಕ್ಕಳ ಬ್ಯಾಚ್ ಅವರದ್ದು, ಸಂಜೆ ನಾಲ್ಕೂವರೆಗೆ. ಲೆಗ್ಗಿಂಗ್ಸ್, ಮೈಗೆ ಹತ್ತೋ ಟೀಶರ್ಟ್ ಸಾಕು. ಚೂಡಿದಾರದ ವೇಲ್ ಮಾತ್ರ ನೀರಿಗೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತೆ. ಹೋದ ವರ್ಷ ಹನ್ನೊಂದು ಜನ ಕಲಿತರು. ಪಿಯುಸಿ ಆದರೇನು, ತಡ ಆಗಿಲ್ಲ. ತುಮಕೂರಲ್ಲಿ ಹೆಂಗಸರ ಸಮಯ ಯಾವುದು ಅಂತ ಈಜುಕೊಳದಲ್ಲಿ ಕೇಳು. ಅಮ್ಮನನ್ನೂ ಜೊತೆಗೆ ಸೇರಿಸು.

ನಾಗರಭಾವಿ ಅಮ್ಮ:

ಮೇಷ್ಟ್ರೇ, ಬೆರಳಿನ ಗೆರೆ ಅಂತ ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಜಾರಿ ಬಿದ್ದರೆ ಹಿಡಿದು ಹತ್ತೋಕೆ ನಮ್ಮ ಹೊಂಡಕ್ಕೆ ಹಗ್ಗ ಕಟ್ಟಿದ್ದೀರಾ ಅಂತ ಕೇಳಿದೆ. ಯಾಕಮ್ಮ, ಮುಳ್ಳುತಂತಿ ಬೇಲಿ ಇದೆಯಲ್ಲ ಅಂದರು. ಗೇಟಿಗೆ ಬೀಗ ಇದೆಯಾ ಅಂದೆ. ಇಲ್ಲ. ಮಗನೂ ಪಕ್ಕದಲ್ಲೇ ಕೂತು ಕೇಳ್ತಿದ್ದ.

ಈಜಿಗೆ ಹೆಸರು ಕೊಟ್ಟು ಬಂದಿದ್ದೀವಿ, ಏಪ್ರಿಲ್ 15ರಿಂದ. ಕೋಚಿಂಗ್ ಬೇಡ ಅಂತ ಅವರಪ್ಪನೂ ಒಪ್ಪಿದ್ದಾರೆ, ದಿನಾ ಮುಕ್ಕಾಲು ಗಂಟೆ ಗಣಿತ ತಾವೇ ಹೇಳಿಕೊಡ್ತಾರಂತೆ. ಮೇ ಮೊದಲ ವಾರ ತಿಪಟೂರು. ಹೊಂಡಕ್ಕೆ ಎಂಥ ಹಗ್ಗ ಹಾಕಿಸಬೇಕು, ಹೇಗೆ ಕಟ್ಟಬೇಕು, ಹೇಳ್ತೀರಾ? ಮಗನೇ ಕಟ್ಟಿಸ್ತೀನಿ ಅಂತಿದ್ದಾನೆ.

ಡ್ರಿಲ್ ಮೇಷ್ಟ್ರು, ತಿಪಟೂರು ಸೀಮೆ:

ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ. ನಾಲ್ಕು ಕಡೆಗೂ ಒಂದೊಂದು. ಒಂದು ಅಡಿಗೊಂದು ಗಂಟು, ಒದ್ದೆ ಕೈಗೆ ಗಂಟಿಲ್ಲದ ಹಗ್ಗ ನಿಲ್ಲಲ್ಲ. ಮೇಲೆ ಬೇಲಿ ಕಂಬಕ್ಕೆ ಕಟ್ಟಬೇಡಿ, ಅದು ದೊಡ್ಡವರ ಭಾರಕ್ಕೆ ಕಿತ್ತು ಬರಬಹುದು. ಬದುವಿನಿಂದ ಆಚೆ ಬೇರೆ ಕಲ್ಲುಕಂಬ ನೆಡಿಸಿ, ಇಲ್ಲ ತೆಂಗಿನ ಮರ ಹತ್ತಿರ ಇದ್ದರೆ ಅದಕ್ಕೇ ಸುತ್ತಿ. ಕೆಳತುದಿ ನೀರೊಳಗೆ ತಳದವರೆಗೂ ಇಳಿದಿರಲಿ, ಬೇಸಿಗೆಯಲ್ಲಿ ನೀರು ಕೆಳಗೆ ಹೋಗುತ್ತೆ. ಎರಡು ಹಳೇ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ಗೇಟಿನ ಹತ್ತಿರ ನೇತು ಹಾಕಿಸಿ. ಹುಡುಗ ಊರಿಗೆ ಬಂದ ದಿನ ತಾತನ ಜೊತೆ ನಿಂತು ಕಟ್ಟಿಸಲಿ. ಕಟ್ಟಿದ ಮೇಲೆ ದೊಡ್ಡವರಿಬ್ಬರು ಮೇಲೆ ನಿಂತು ಜಗ್ಗಿ ನೋಡಲಿ. ಗೇಟಿನ ಬೀಗದ ಕೈ ತಾತನ ಹತ್ತಿರವೇ ಇರಲಿ.